ಬಾಲದ ಮೇಲೆ ಕೂತ ವಿಮಾನ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದಸ್ಥ ಕಾರಣ ಬೇಕು. ಪಕ್ಕದವರ ಕಾರು, ಷಡ್ಡಕನ ಸೈಟು, ಸಹೋದ್ಯೋಗಿಯ ಬಡ್ತಿ ಇವನ್ನು ಕಂಡು ಕರುಬಿದರೆ ಜನ ಅರ್ಥ ಮಾಡಿಕೊಳ್ಳುತ್ತಾರೆ, ತಮ್ಮದೂ ನಾಲ್ಕು ಮಾತು ಸೇರಿಸಿ ಸಮಾಧಾನ ಹೇಳುತ್ತಾರೆ. ಆದರೆ ಐವತ್ತರ ಹತ್ತಿರ ಬಂದ ಕೇಂದ್ರ ಸರ್ಕಾರಿ ನೌಕರನೊಬ್ಬ ಅಂಗೈಯಗಲದ ಪ್ಲಾಸ್ಟಿಕ್ ವಿಮಾನದ ಫೋಟೋ ನೋಡಿ ಊಟ ಬಿಟ್ಟ ಎಂದರೆ ಯಾರ ಬಳಿ ಹೇಳಿಕೊಳ್ಳುವುದು? ಅದಕ್ಕೇ ನಿಮ್ಮ ಬಳಿ ಬಂದಿದ್ದೇನೆ.

ನನಗೆ ವಿಮಾನ ಕಟ್ಟುವ ಹುಚ್ಚು. ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುವ ಮಾದರಿ ವಿಮಾನದ ತುಂಡುಗಳನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಸಣ್ಣ ಕುಂಚದಲ್ಲಿ ಬಣ್ಣ ಬಳಿಯುತ್ತಾ ಕೂತರೆ ಕಚೇರಿಯೂ ನೆನಪಿರುವುದಿಲ್ಲ, ಮನೆಯೂ ನೆನಪಿರುವುದಿಲ್ಲ. ಮೈಸೂರಿನಲ್ಲಿ ಹತ್ತಿದ ಈ ಹುಚ್ಚು, ವರ್ಗವಾದಾಗ ಟ್ರಂಕಿನಲ್ಲಿ ಕೂತು ನನ್ನ ಜೊತೆ ಕಲ್ಕತ್ತೆಗೆ ಬಂತು. ಅಲಿಪುರದ ನಮ್ಮ ಕ್ವಾರ್ಟರ್ಸಿನ ಷೋಕೇಸಿನಲ್ಲಿ ಪಿಂಗಾಣಿ ಬಟ್ಟಲು ಇರಬೇಕಾದ ಕಡೆ ವಿಮಾನಗಳಿವೆ. ನನ್ನ ಹೆಂಡತಿ ವಿಮಲ ಅವನ್ನು ಧೂಳು ಕೂರುವ ಸಾಮಾನುಗಳ ಪೈಕಿ ಸೇರಿಸಿದ್ದಾಳೆ. ಈ ಊರಿನ ಹವೆಯೂ ಅವಳದೇ ಪಕ್ಷ. ಮಳೆಗಾಲದ ಸೆಕೆಯಲ್ಲಿ ಕೊನೆಯ ವಾರ್ನಿಷ್ ಬಳಿದರೆ ಒಣಗುವಷ್ಟರಲ್ಲಿ ಅದು ಬೆಳ್ಳಗೆ ಮಬ್ಬಾಗಿ, ಕಷ್ಟಪಟ್ಟು ಹಚ್ಚಿದ ಹಸಿರೆಲ್ಲ ಬೂಸಲು ಹಿಡಿದ ಹಾಗೆ ಕಾಣುತ್ತದೆ. ಆದರೂ ಇಲ್ಲಿನ ಕನ್ನಡಿಗರಲ್ಲಿ ‘ವಿಮಾನದ ರಾಯರು’ ಎಂದರೆ ನಾನೊಬ್ಬನೇ. ಆ ಹೆಸರಿನ ಮೇಲೆ ನನಗೆ ಬಹಳ ಆಸೆ.

ಅದಕ್ಕೆ ಕುತ್ತು ತಂದವನು ಪ್ರಶಾಂತ. ಹುಬ್ಬಳ್ಳಿಯವನು. ಇಲ್ಲಿನ ಸಾಲ್ಟ್ ಲೇಕ್ ಬಡಾವಣೆಯಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿದೆಯೋ ಎಂಬಂತಿದ್ದ ಹೊತ್ತಿನಲ್ಲಿ ಅಂಥದೇ ಒಂದು ಸಾಫ್ಟ್‌ವೇರ್ ಕಂಪನಿಗೆ ಬಂದು ಸೇರಿದ್ದ. ಯುಗಾದಿ ಊಟದಲ್ಲಿ ಪರಿಚಯವಾಗಿ, ಒಂದು ಭಾನುವಾರ ಮನೆಗೆ ಬಂದು, ನನ್ನ ವಿಮಾನಗಳ ಮುಂದೆ ಬಾಯಿ ತೆರೆದು ನಿಂತ. ನಾನು ಉಬ್ಬಿಹೋದೆ. ಕೇಳದಿದ್ದರೂ ಪಾಠ ಶುರುಮಾಡಿದೆ. “ನೋಡಪ್ಪಾ, ಮೂತಿಯ ಕೆಳಗೆ ಚಕ್ರ ಇರೋ ವಿಮಾನ ಆದ್ರೆ, ಎರಡು ಹೋಳು ಅಂಟಿಸೋಕೆ ಮೊದಲು ಮೂತಿಯೊಳಗೆ ಸೀಸದ ಚೂರು ತುಂಬಬೇಕು. ಇಲ್ದಿದ್ರೆ ಹಿಂಭಾರ ಜಾಸ್ತಿಯಾಗಿ ಬಾಲದ ಮೇಲೆ ಕೂತ್ಬಿಡುತ್ತೆ. ಇದನ್ನ ಮರೆಯೋನು ವಿಮಾನ ಕಟ್ಟಬಾರದು, ಗಾಳಿಪಟ ಕಟ್ಟಬೇಕು.” ಅವನು ಭಕ್ತಿಯಿಂದ ತಲೆಯಾಡಿಸಿದ.

ಕಂಪನಿ ಅವನನ್ನು ಕೆಲವು ತಿಂಗಳು ಅಮೆರಿಕಕ್ಕೆ ಕಳಿಸಿತು. ಬರುವಾಗ ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ಷನ್ನೂ ಒಂದು ಡಿಜಿಟಲ್ ಕ್ಯಾಮೆರಾವನ್ನೂ ತಂದ. ನಾನೋ, ಯಾರಾದರೂ ವಿದೇಶಕ್ಕೆ ಹೊರಟರೆ ಒಂದು ಪುಟ್ಟ ಬಣ್ಣದ ಡಬ್ಬಿಗಾಗಿ ಹಲ್ಲುಗಿಂಜುವವನು. ಸ್ವಲ್ಪ ದಿನಕ್ಕೆ ತಾನು ಕಟ್ಟಿದ ವಿಮಾನದ ಫೋಟೋ ತಂದು ತೋರಿಸಿದ. ವಿಮಲ ಸೌಟು ಹಿಡಿದುಕೊಂಡೇ ಬಂದು ನೋಡಿ, “ಅಯ್ಯೋ, ನಿಜವಾದ ವಿಮಾನ ಅಂದ್ಕೊಂಡೆ ಕಣ್ರೀ,” ಎಂದಳು. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಷ್ಟು ವರ್ಷ ನನ್ನ ವಿಮಾನಗಳ ಧೂಳು ಒರೆಸಿದವಳು ಒಮ್ಮೆಯೂ ಹಾಗೆ ಅಂದವಳಲ್ಲ. ಅವತ್ತು ಬದನೆಕಾಯಿ ಗೊಜ್ಜು ಮಾಡಿದ್ದಳು, ನನಗೆ ಸೇರಲಿಲ್ಲ.

ಅವಳ ಬಾಯಿಂದ ಅದೇ ಮಾತು ಹೇಳಿಸುತ್ತೇನೆಂದು ಹಟ ಹುಟ್ಟಿತು. ಬಚ್ಚಿಟ್ಟಿದ್ದ ಒಂದು ಜೆಟ್ ವಿಮಾನದ ಡಬ್ಬಿ ತೆಗೆದೆ. ದುರ್ಗಾಪೂಜೆಗೆ ಮುಂಚೆ ಇಲ್ಲಿ ಮಳೆ ನಿಂತು ಆಕಾಶ ತೊಳೆದಿಟ್ಟಂತೆ ನೀಲಿಯಾಗುತ್ತದೆ, ನಡುವೆ ಬಿಳಿ ಮೋಡ. ಬಂಗಾಳಿಗಳು ಅದನ್ನು ನೋಡಿ ಹಬ್ಬ ಬಂತೆಂದು ಹಿಗ್ಗುತ್ತಾರೆ, ನಾನು ಫೋಟೋಗೆ ಹಿನ್ನೆಲೆ ಸಿಕ್ಕಿತೆಂದು ಹಿಗ್ಗಿದೆ. ಅಷ್ಟರೊಳಗೆ ಮುಗಿಯಬೇಕೆಂದು ಅವಸರ ಅವಸರವಾಗಿ ಕಟ್ಟಿದೆ. ಬೂದುಬಣ್ಣದ ಹಲಗೆಯೊಂದನ್ನು ರನ್‌ವೇ ಮಾಡಿ ತಾರಸಿಯ ಕಟ್ಟೆಯ ಮೇಲಿಟ್ಟೆ. ಅಷ್ಟರಲ್ಲಿ ಪ್ರಶಾಂತ ಕ್ಯಾಮೆರಾ ಸಮೇತ ಮೇಲೆ ಬಂದ. ಇಲ್ಲಿನವರ ಮೈದಾ ಪೂರಿ, ಲೂಚಿ, ತಿನ್ನಲು ಬನ್ನಿ ಎಂದು ವಿಮಲ ನನ್ನನ್ನು ಕೇಳದೆ ಕರೆದಿದ್ದಳು. ಹಾಳಾಗಲಿ, ಅವನ ಕಣ್ಣೆದುರೇ ಗೆಲ್ಲೋಣವೆಂದು ವಿಮಾನವನ್ನು ಹಲಗೆಯ ಮೇಲೆ ನಿಲ್ಲಿಸಿ ಕೈಬಿಟ್ಟೆ.

ಅದು ನಿಧಾನವಾಗಿ ಮೂತಿ ಎತ್ತಿ ಬಾಲದ ಮೇಲೆ ಕೂತಿತು.

ಇನ್ನೊಮ್ಮೆ ನಿಲ್ಲಿಸಿದೆ, ಇನ್ನೊಮ್ಮೆ ಕೂತಿತು. ಸೀಸ ತುಂಬಿರಲಿಲ್ಲ. ಪ್ರಶಾಂತ ನಕ್ಕಿದ್ದರೆ ಚೆನ್ನಾಗಿತ್ತು, ಅವನನ್ನು ದ್ವೇಷಿಸಲು ಒಂದು ನೆಪವಾದರೂ ಸಿಗುತ್ತಿತ್ತು. ಅವನು, “ಅಕ್ಕಾರ, ಕಲಸಿದ ಲೂಚಿ ಹಿಟ್ಟು ಸ್ವಲ್ಪ ಕೊಡ್ರಿ,” ಎಂದು ಕೆಳಗೆ ಕೂಗಿ ತರಿಸಿ, ಒಂದು ಚೂರನ್ನು ಮುಂದಿನ ಚಕ್ರದ ಹಿಂದೆ ಕಾಣದ ಹಾಗೆ ಮೆತ್ತಿ ಹಲಗೆಗೆ ಅಂಟಿಸಿದ. ನನ್ನ ಹಳೆಯ ರೀಲು ಕ್ಯಾಮೆರಾದಲ್ಲಿ ಇಷ್ಟು ಹತ್ತಿರದ್ದು ಮಸುಕಾಗುತ್ತದೆಂದು ತನ್ನದರಲ್ಲೇ, ಕಟ್ಟೆಗೆ ಕೆನ್ನೆ ಹಚ್ಚುವಷ್ಟು ಬಗ್ಗಿ ಫೋಟೋ ತೆಗೆದ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನನ್ನ ಜೆಟ್ಟು ಮೋಡಗಳ ಕೆಳಗೆ ಹಾರಲು ಸಿದ್ಧವಾಗಿ ನಿಂತಿತ್ತು. ಹಿಟ್ಟು ತಂದು ಅಲ್ಲೇ ನಿಂತಿದ್ದ ವಿಮಲ ನೋಡಿದಳು. “ನಿಜವಾದ ವಿಮಾನಾನೇ,” ಎಂದಳು. ನನ್ನ ಎದೆ ಉಬ್ಬುವಷ್ಟರಲ್ಲಿ, “ಪ್ರಶಾಂತ್, ಎಷ್ಟು ಚೆನ್ನಾಗಿ ತೆಗೀತೀರಪ್ಪಾ ಫೋಟೋನ,” ಎಂದು ಮುಗಿಸಿದಳು.

ತಿಂಡಿಗೆ ಕೂತಾಗ ಪ್ರಶಾಂತ ವಿಮಾನವನ್ನು ಕೈಯಲ್ಲಿ ಹಿಡಿದು ರೆಕ್ಕೆಯ ಮೇಲಿನ ಗೆರೆಗಳನ್ನು ಬಹಳ ಹೊತ್ತು ನೋಡಿದ. “ಖರೇ ಹೇಳ್ತೀನ್ರಿ ಸರ್, ಈ ಗೆರಿ ಬರೇ ಕೈಲೆ ಎಳದೀರಿ. ನನ್ನ ಮಷೀನಿಗೂ ಇದು ಬರಂಗಿಲ್ಲ. ನಿಮ್ಮನ್ನ ನೋಡಿದ್ರ ನನಗ ಭಾಳ ಹೊಟ್ಟಿಕಿಚ್ಚ ಆಗ್ತದ್ರಿ,” ಎಂದು ನಕ್ಕು, ಇನ್ನೊಂದು ಲೂಚಿ ಹಾಕಿಸಿಕೊಂಡ. ನಾನು ತಿಂಗಳುಗಟ್ಟಲೆ ಮುಖದಲ್ಲಿ ಕಾಣದ ಹಾಗೆ ಅದುಮಿಟ್ಟುಕೊಂಡು ನವೆದದ್ದನ್ನು ಇವನು ಆಲೂದಮ್ಮಿನ ಜೊತೆ ಹೊರಗೆ ಹಾಕಿ ಹಗುರಾಗಿಬಿಟ್ಟ. ನಾನೂ ಹೇಳಿಬಿಡೋಣವೆಂದು ಬಾಯಿ ತೆರೆದೆ. “ಛೆ ಛೆ, ಅದರಲ್ಲೇನಿದೆಯಪ್ಪಾ,” ಎಂಬ ಮಾತು ಬಂತು.

ಅವನು ಹೋದ ಮೇಲೆ ವಿಮಲ, “ಎಂಥ ಒಳ್ಳೇ ಮನಸ್ಸು ನೋಡ್ರಿ. ನಿಮಗೆ ಯಾರ ಮೇಲಾದ್ರೂ ಹೊಟ್ಟೆಕಿಚ್ಚು ಬಂದ್ರೆ ಹೀಗೆ ಹೇಳ್ತೀರಾ?” ಎಂದಳು. “ನನಗೆ ಯಾರ ಮೇಲೂ ಬರೋದೇ ಇಲ್ಲ,” ಎಂದೆ. ಈಗ ಅವನ ಏರ್‌ಬ್ರಷ್ಷಿನ ಮೇಲೂ ಕ್ಯಾಮೆರಾದ ಮೇಲೂ ನನಗೆ ಅಂಥ ಸಂಕಟವಿಲ್ಲ. ಹೊಟ್ಟೆಕಿಚ್ಚನ್ನೂ ನನಗಿಂತ ಚೆನ್ನಾಗಿ ಪಡುತ್ತಾನಲ್ಲ, ಅದೊಂದನ್ನು ಮಾತ್ರ ಸಹಿಸಲಾಗುತ್ತಿಲ್ಲ.