ಪ್ಯಾಕೆಟ್ಟಿನ ಬೆನ್ನು ಓದುವ ನನ್ನ ಹೆಂಡತಿ

ನಾವಿಬ್ಬರೂ ತಿಂಡಿ ಕೊಳ್ಳಲು ಹೋದರೆ ಏನಾದರೊಂದು ಆಗದೆ ಮನೆಗೆ ಬಂದದ್ದಿಲ್ಲ. ಇದಕ್ಕೆಲ್ಲ ಕಾರಣ ಒಂದು ಉಣುಗು.

ನಾನು ಕೊಡಗಿನ ಶನಿವಾರಸಂತೆ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಕಾಫಿ ಹಣ್ಣು ಕೀಳುವ ಪಿಕಿಂಗ್ ಸಮಯದಲ್ಲಿ ದನದ ಮೈಮೇಲಿರುವಂಥ ಉಣುಗೊಂದು ನನ್ನ ಕಾಲಿಗೆ ಕಚ್ಚಿತು. ಕೆಲವು ವಾರದ ಮೇಲೆ ಮಟನ್ ಊಟ ಮಾಡಿ ಮಲಗಿದವನಿಗೆ ಮೈಯೆಲ್ಲ ದದ್ದು, ಉಸಿರೇ ಕಟ್ಟಿಹೋಯಿತು. ಹೆಂಡತಿ ಜೀಪು ಹಿಡಿದು ಆಸ್ಪತ್ರೆಗೆ ಸೇರಿಸದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

"ಆ ಉಣುಗು ಕಚ್ಚಿದ್ದರಿಂದ ನಿಮಗೆ ಮಾಂಸದ ಅಲರ್ಜಿ ಬಂದಿದೆ. ಕುರಿ, ಹಂದಿ, ದನ ಯಾವುದೂ ಬೇಡ. ಅವುಗಳ ಮೂಳೆ, ಚರ್ಮದಿಂದ ತೆಗೆಯೋ ಜೆಲಾಟಿನ್ನೂ ಬೇಡ. ನಿಮಗೆ ಹಾಲೂ ಒಗ್ತಿಲ್ಲ. ಕೋಳಿ, ಮೀನು ತಿನ್ನಿ," ಅಂದರು ಡಾಕ್ಟರು. ನಾನು ತಲೆಯಾಡಿಸಿದೆ. ಹೆಂಡತಿ ಬರೆದುಕೊಂಡಳು.

೧. ಹಸಿರು ಚುಕ್ಕಿ

ಅಂಗಡಿಯಲ್ಲಿ ಮಸಾಲೆ ಚಿಪ್ಸ್ ಕೈಗೆತ್ತಿಕೊಂಡೆ. ಹೆಂಡತಿ ಕಿತ್ತುಕೊಂಡು, ಹಿಂದಿನ ಇರುವೆಯಂಥ ಅಕ್ಷರಗಳ ಫೋಟೋ ತೆಗೆದು, ದೊಡ್ಡದು ಮಾಡಿ ಓದತೊಡಗಿದಳು.

"ಅಕ್ಕ, ಹಸಿರು ಚುಕ್ಕಿ ಇದೆಯಲ್ಲ, ಪ್ಯೂರ್ ವೆಜ್ಜು," ಅಂದ ಅಂಗಡಿಯವನು.

"ಹಾಲಿನ ಪುಡಿ ಹಾಕಿದ್ದಾರೆ."

"ಹಸು ಹುಲ್ಲು ತಾನೇ ತಿನ್ನೋದು?"

"ಹಸು ಏನು ತಿನ್ನುತ್ತೆ ಅಂತ ಇವರ ಮೈ ಕೇಳಲ್ಲಣ್ಣ."

ನನಗೆ ಸಿಕ್ಕಿದ್ದು ಕಡಲೆಕಾಯಿ.

೨. ಕಂಪನಿಗೆ ಫೋನು

ಒಂದು ಮೆತ್ತನೆ ಮಿಠಾಯಿಯ ಮೇಲೆ ಬರೀ 'ಜೆಲಾಟಿನ್' ಅಂತ ಇತ್ತು. ಯಾವ ಪ್ರಾಣಿಯದು? ಹೆಂಡತಿ ಕಂಪನಿಗೇ ಫೋನು ಮಾಡಿದಳು.

"ಮೇಡಂ, ನಾವು ಮಿಠಾಯಿ ಮಾಡ್ತೀವಿ, ಪ್ರಾಣಿ ಸಾಕಲ್ಲ," ಅಂದಳು ಆ ಕಡೆಯ ಹೆಂಗಸು.

"ಸಾಕೋದು ಬೇಡಮ್ಮ, ಬೇಯಿಸಿದ್ದು ಯಾವುದನ್ನ ಹೇಳು. ಮೀನಾದ್ರೆ ನಮ್ಮವರು ತಿಂತಾರೆ, ಬೇರೆಯದಾದ್ರೆ ಆಸ್ಪತ್ರೆ ಸೇರ್ತಾರೆ."

ನಾಲ್ಕು ದಿನ ಬಿಡದೆ ಫೋನು ಮಾಡಿದಳು. ನಾನಾಗಿದ್ದರೆ ಮೊದಲ ದಿನವೇ ಕೈಬಿಡುತ್ತಿದ್ದೆ. ಐದನೆಯ ದಿನ ಕಂಪನಿಯ ಆ ಹೆಂಗಸೇ ಫೋನು ಮಾಡಿದಳು. "ವಿಚಾರಿಸಿದೆ ಮೇಡಂ. ಎಮ್ಮೆಯದಂತೆ." ಆಮೇಲೆ ಸಣ್ಣ ದನಿಯಲ್ಲಿ, "ನಾವು ಮನೇಲಿ ಮೊಟ್ಟೇನೂ ಮುಟ್ಟಲ್ಲ ಮೇಡಂ. ಇಲ್ಲಿ ದಿನಾ ಫ್ರೀ ಕೊಡ್ತಾರೆ ಅಂತ ಇದನ್ನೇ ತಿಂತಿದ್ದೆ!"

೩. ಬಸ್ಸಿನಲ್ಲಿ ಅಜ್ಜಿ

ನಾಪೋಕ್ಲು ಬಸ್ಸು. ಪಕ್ಕದ ಸೀಟಿನ ಅಜ್ಜಿ ನೇಂದ್ರ ಬಾಳೆ ಚಿಪ್ಸಿನ ಪ್ಯಾಕೆಟ್ ತೆಗೆದು, ಅದರ ಬಾಯಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ, "ತಗೊಳಿ ಮಕ್ಕಳೇ," ಅಂತ ಪ್ರೀತಿಯಿಂದ ಚಾಚಿದರು. ಹೆಂಡತಿ ಹಿಂಬದಿ ಓದಿದಳು. ಬಾಳೆಕಾಯಿ, ಎಣ್ಣೆ, ಉಪ್ಪು. ಕೊನೆಗೂ ಪಾಸು! ನಾನು ಕೈ ಹಾಕಿಯೇಬಿಟ್ಟೆ.

ಹೆಂಡತಿ ನನ್ನ ಮಣಿಕಟ್ಟು ಹಿಡಿದಳು. "ಅಜ್ಜಿ, ಮೇಲೆ ಬರೆದದ್ದೇ ಒಳಗಿದೆಯಾ?"

ಸುತ್ತಲಿನವರು ನಕ್ಕರು. ನನಗೆ ನಾಚಿಕೆಯಾಯಿತು.

"ಅಯ್ಯೋ, ಇಲ್ಲ ಮಗಳೇ," ಅಂದರು ಅಜ್ಜಿ. "ಪ್ಯಾಕೆಟ್ ಗಟ್ಟಿಯಿದೆ ಅಂತ ಇಟ್ಕೊಂಡಿದ್ದೆ. ಒಳಗಿರೋದು ಒಣಗಿಸಿ ಹುರಿದ ಹಂದಿ, ನಾನೇ ಮಾಡಿದ್ದು!"

ನಗು ನಿಂತುಹೋಯಿತು. ನನ್ನ ಕೈ ತಾನಾಗಿ ಹೊರಬಂತು. ಹೆಂಡತಿ ಅದನ್ನು ನೀರು ಹಾಕಿ ತೊಳೆಸಿ, ನನ್ನ ಕಾಯಿಲೆಯ ಕಥೆಯನ್ನೆಲ್ಲ ಅಜ್ಜಿಗೆ ಹೇಳಿದಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಜವಾದ ಮರುಕದಿಂದ ಕೇಳಿದರು:

"ಹಂದಿ ತಿನ್ನೋ ಹಾಗೇ ಇಲ್ವಾ? ಹಾಗಾದ್ರೆ ಪಾಪ, ಕೊಡಗಲ್ಲಿ ಯಾಕಿದ್ದೀರಿ?"