ಸಾಲಿನ ತಲೆಯಲ್ಲಿರುವ ಕಾರು

ಸ್ಟಾಕ್ ಕಾರ್ ರೇಸಿನ ಬಗ್ಗೆ ವರ್ಲನ್ ಸ್ಟೈಕ್‌ಲೆದರನಿಗೆ ಅಭಿಪ್ರಾಯಗಳಿದ್ದವು ಎಂಬ ವಿಷಯದಲ್ಲಿ ಉತ್ತರ ಕ್ಯಾರೊಲಿನಾದ ಆ ಸೀಮೆಯಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಕಾರ್ಖಾನೆಯಲ್ಲಿ ಸೋಫಾಗಳಿಗೆ ಬಟ್ಟೆ ಹೊದಿಸುವುದು ಆತನ ಉದ್ಯೋಗ. ಶನಿವಾರ ಸಂಜೆ ಬ್ರಷಿ ಫೋರ್ಕ್ ಸ್ಪೀಡ್‌ವೇಯಲ್ಲಿ ಮೂರನೆಯ ತಿರುವಿನ ಎದುರು ಕೂತು ರೇಸ್ ನೋಡುವುದು ಆತನ ಬದುಕು. ನೋಡುವುದಕ್ಕೆ ಒಂದು ಸಂಜೆ ಸಾಕಾಗುತ್ತಿತ್ತು. ಅದರ ಬಗ್ಗೆ ಹೇಳುವುದಕ್ಕೆ ಉಳಿದ ವಾರವೆಲ್ಲ ಸಾಲುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಆತನ ಅಕ್ಕಪಕ್ಕದವರು ಬಾಯಲ್ಲಿ ಮೊಳೆ ಕಚ್ಚಿಕೊಂಡು ಕೆಲಸ ಮಾಡುವುದನ್ನು ರೂಢಿಸಿಕೊಂಡಿದ್ದರು. ಉತ್ತರ ಕೊಡಬೇಕಾಗುವುದಿಲ್ಲವಲ್ಲ.

ಮನೆಯಲ್ಲಿ ಈ ಅಭಿಪ್ರಾಯಗಳನ್ನು ಕೇಳುವ ಹೊಣೆ ಹೆಂಡತಿ ಆರ್ಡಿತಳದು. ಆಕೆ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಊರಿನ ಎರಡು ತಲೆಮಾರಿನ ಮಕ್ಕಳ ಕಿರುಚಾಟಕ್ಕೆ ಪಳಗಿದ ಕಿವಿ. ಗಂಡ ಮಾತಾಡುವಷ್ಟು ಹೊತ್ತೂ ಬಟಾಣಿ ಬಿಡಿಸುತ್ತಾ "ಹೂಂ" ಅನ್ನುತ್ತಿದ್ದಳು. ಮದುವೆಯಾದಾಗಿನಿಂದ ಒಂದು ರೇಸನ್ನೂ ನೋಡಿದವಳಲ್ಲ.

"ಡಾಯ್ಲ್ ಪೆನಿಂಗರ್‌ಗೆ ಮತ್ತೆ ಅನ್ಯಾಯ ಆಯ್ತು ಕಣೇ. ಸಂಜೆಯೆಲ್ಲ ಅವನೇ ಮುಂದಿದ್ದ. ಕೊನೇ ಸುತ್ತಲ್ಲಿ ಯಾವನೋ ಪಕ್ಕದಿಂದ ನುಗ್ಗಿ ಗೆದ್ಬಿಟ್ಟ."

"ಯಾರು, ಆ ಪೆನಿಂಗರ್ ಹುಡುಗನಾ? ನನ್ ಬಸ್ಸಲ್ಲಿ ಹಿಂದಿನ ಸೀಟಲ್ಲಿ ಕೂರ್ತಿದ್ದ. ತಿರುವು ಬಂದ್ರೆ ವಾಂತಿ ಮಾಡ್ಕೊಳ್ತಿದ್ದ ಪಾಪ."

"ಅವನಿಗೀಗ ನಲವತ್ತು ದಾಟಿದೆ."

"ಈಗ್ಲೂ ಮಾಡ್ಕೊತಾನಾ?"

ನೀಲಿ ಕಾರಿನ ಡಾಯ್ಲ್ ಪೆನಿಂಗರ್ ವರ್ಲನ್‌ನ ಪಾಲಿಗೆ ಬರೀ ಚಾಲಕನಲ್ಲ. ವರ್ಷ ವರ್ಷವೂ ಮುಂದಿದ್ದು, ವರ್ಷ ವರ್ಷವೂ ಸೋತು, ಒಮ್ಮೆಯೂ ಸೀಸನ್ನಿನ ಚಾಂಪಿಯನ್ ಆಗದೆ ಉಳಿದ ಮನುಷ್ಯ. ಬೆನ್ನುನೋವು ತಡೆಯಲಾಗುತ್ತಿಲ್ಲ, ಇದೇ ತನ್ನ ಕೊನೆಯ ಸೀಸನ್ ಎಂದು ಆತ ಹೇಳಿಬಿಟ್ಟಿದ್ದ. ಅಂದು ರಾತ್ರಿ ವರ್ಲನ್ ಊಟ ಮಾಡಲಿಲ್ಲ. ಬೆಳಿಗ್ಗೆ ಎರಡೂ ಊಟ ಸೇರಿಸಿ ಮಾಡಿದ.

ಬ್ರಷಿ ಫೋರ್ಕ್ ಸ್ಟಾಕ್ ಕಾರ್ ಸಂಘದ ಅಧ್ಯಕ್ಷರಾದ ಶ್ರೀ ಬ್ಯಾಕ್ಸ್ಟರ್ ಲೌಡರ್‌ಮಿಲ್ಕ್ ಅವರು ಸ್ಪೀಡ್‌ವೇಯ ತಿಂಡಿ ಅಂಗಡಿಗಳ ಮಾಲೀಕರೂ ಹೌದು. ಎರಡು ಹುದ್ದೆಗಳ ಹಿತಾಸಕ್ತಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯಬಾರದೆಂಬ ಕಾಳಜಿಯಿಂದ ಅವರು ಯಾವಾಗಲೂ ಎರಡನೆಯದರ ಪರವಾಗಿಯೇ ತೀರ್ಮಾನ ಕೈಗೊಳ್ಳುತ್ತಿದ್ದರು. ಆ ವಸಂತದಲ್ಲಿ ಅವರು ಹೊರಡಿಸಿದ ಪ್ರಕಟಣೆ ಹೀಗಿತ್ತು:

"ಪ್ರೇಕ್ಷಕರ ಸಂಖ್ಯೆ ಕ್ಷೀಣಿಸುತ್ತಿರುವುದನ್ನು ಸಂಘವು ಗಂಭೀರವಾಗಿ ಪರಿಗಣಿಸಿರುತ್ತದೆ. ಆದ್ದರಿಂದ ಪ್ರಸಕ್ತ ಸಾಲಿನಿಂದ ಅಭಿಮಾನಿಗಳ ಅಭಿಪ್ರಾಯವೇ ನಿಯಮವಾಗಿರುತ್ತದೆ. ಅಭಿಮಾನಿಗಳು ಸೋಮವಾರಗಳಂದು ಸಂಘದ ಕಚೇರಿಗೆ ಹಾಜರಾಗಿ ಅಭಿಪ್ರಾಯಪಡತಕ್ಕದ್ದು."

ಸೋಮವಾರ ಹಾಜರಾದವನು ವರ್ಲನ್ ಒಬ್ಬನೇ. ಸಭೆಯಲ್ಲಿ ತಿಂಡಿಯ ವ್ಯವಸ್ಥೆ ಇಲ್ಲವೆಂಬ ಸುದ್ದಿ ಉಳಿದವರಿಗೆ ಮುಂಚೆಯೇ ತಲುಪಿತ್ತು. ಅಭಿಮಾನಿಗಳು ಭಾರಿ ಪ್ರಮಾಣದಲ್ಲಿ ಆಗಮಿಸಿದ್ದರೆಂದು ಸಂಘ ಮರುದಿನ ತಿಳಿಸಿತು. ವರ್ಲನ್‌ನ ಮೈಕಟ್ಟನ್ನು ಗಮನಿಸಿದರೆ ಇದರಲ್ಲಿ ಸುಳ್ಳೇನೂ ಇರಲಿಲ್ಲ.

"ಅಭಿಮಾನಿಗಳು ಏನು ಹೇಳ್ತೀರಿ?" ಎಂದು ಅಧ್ಯಕ್ಷರು ಖಾಲಿ ಕುರ್ಚಿಗಳ ಕಡೆಗೂ ಒಮ್ಮೆ ನೋಡಿ ಕೇಳಿದರು.

"ಸ್ವಾಮಿ, ಕೊನೇಲಿ ನುಗ್ಗಿದವನಿಗೆ ಬಹುಮಾನ ಕೊಡೋದು ಯಾವ ನ್ಯಾಯ? ಸಂಜೆಯೆಲ್ಲ ಯಾರು ಮುಂದಿರ್ತಾನೋ ಅವನೇ ದೊಡ್ಡವನು. ಇದು ನನ್ನ ಅಭಿಪ್ರಾಯ."

"ಬೇರೆ ಯಾರದಾದ್ರೂ ಆಕ್ಷೇಪಣೆ?" ಎಂದು ಅಧ್ಯಕ್ಷರು ಕೇಳಿ, ಸ್ವಲ್ಪ ಕಾದು, ಒಮ್ಮತದಿಂದ ಅಂಗೀಕಾರವಾಯಿತೆಂದು ಮೇಜು ತಟ್ಟಿದರು. ನಿಯಮ ಸಿದ್ಧವಾಯಿತು: ಟ್ರ್ಯಾಕಿನ ಮೇಲೆ ಕಾರುಗಳು ಸಾಲಾಗಿ ಸುತ್ತುವಾಗ ಸಾಲಿನ ತಲೆಯಲ್ಲಿರುವ ಕಾರಿಗೆ ಸುತ್ತಿಗೊಂದು ಅಂಕ. ಕೊನೆಗೆ ಗೆರೆಯನ್ನು ಮೊದಲು ದಾಟಿದವರಿಗೆ ಅಧ್ಯಕ್ಷರ ಹಸ್ತಲಾಘವ.

ಡಾಯ್ಲ್ ಪೆನಿಂಗರ್ ಅಂಕಪಟ್ಟಿಯ ತುದಿಗೇರಿದ. ವರ್ಲನ್ ಹಾಡು ಹೇಳಿಕೊಂಡು ಸೋಫಾಗಳಿಗೆ ಬಟ್ಟೆ ಹೊದಿಸಿದ. ಅಷ್ಟರಲ್ಲಿ ಟ್ರ್ಯಾಕಿನ ಮೇಲೆ ಬಿದ್ದಿದ್ದ ಕೋಳಿಯ ಮೂಳೆಯೊಂದು ಡಾಯ್ಲ್‌ನ ಟಯರಿಗೆ ಚುಚ್ಚಿತು. ಸೋಮವಾರ ಅಭಿಮಾನಿಗಳು ಅಧ್ಯಕ್ಷರ ಎದುರು ಒಂದೇ ಕುರ್ಚಿಯಲ್ಲಿ ಕುದಿಯುತ್ತಾ ಕೂತರು.

"ಟ್ರ್ಯಾಕ್ ಮೇಲೆ ಏನೇ ಬಿದ್ರೂ ಹಳದಿ ಬಾವುಟ ಬೀಸ್ಬೇಕು."

ಹಳದಿ ಬಾವುಟ ಬೀಸಿದರೆ ರೇಸ್ ತಡೆದು ನಿಲ್ಲುತ್ತದೆ. ತಲೆಯ ಮೇಲೆ ದೀಪ ಹೊತ್ತ ಪೇಸ್ ಕಾರು ಎಂಬುದೊಂದು ಒಳಗೆ ಬಂದು ಎಲ್ಲರ ಮುಂದೆ ನಿಧಾನಕ್ಕೆ ಸುತ್ತು ಹಾಕುತ್ತದೆ. ಟ್ರ್ಯಾಕ್ ಗುಡಿಸಿ ಮುಗಿಯುವವರೆಗೂ ಮಿಕ್ಕ ಕಾರುಗಳು ಅದರ ಬೆನ್ನಿಗೆ ಸಾಲಾಗಿ ಹೋಗಬೇಕು.

"ಏನೇ ಬಿದ್ರೂ ಅಂದ್ರೆ? ಮರದ ಎಲೆ ಬಿದ್ರೂನಾ?" ಅಧ್ಯಕ್ಷರು ಕೇಳಿದರು.

"ಎಲೆ ಅಂದ್ರೆ ಸಾಮಾನ್ಯನಾ? ಜಾರುತ್ತೆ."

ನಿಯಮವಾಯಿತು. ಮೊದಲ ಎಲೆ ಬಿದ್ದ ಸಂಜೆಯೇ ಅಧ್ಯಕ್ಷರು ಒಂದು ಸಂಗತಿ ಗಮನಿಸಿದರು. ಕಾರುಗಳು ಜೋರಾಗಿ ಓಡುವಾಗ ಜನ ಕೂತಲ್ಲೇ ಕೂತಿರುತ್ತಾರೆ. ಹಳದಿ ಬಾವುಟ ಬೀಸಿದ ಕೂಡಲೇ ಬೇಜಾರಾಗಿ ಎದ್ದು ಹೋಗಿ ಬೇಯಿಸಿದ ಕಡಲೆಕಾಯಿ, ಹಂದಿಮಾಂಸದ ಬಾರ್ಬೆಕ್ಯೂ ಕೊಳ್ಳುತ್ತಾರೆ. ಸುರಕ್ಷತೆಯ ಬಗ್ಗೆ ಅಧ್ಯಕ್ಷರಿಗಿದ್ದ ಶ್ರದ್ಧೆ ಇಮ್ಮಡಿಯಾಯಿತು. ಗಾಳಿ ಬೀಸದ ದಿನ ಸುರಕ್ಷತೆಗೆ ಧಕ್ಕೆ ಬರಬಾರದೆಂದು ಅವರು ತಮ್ಮ ಷಡ್ಡಕನನ್ನು ಎಲೆ ಅಧಿಕಾರಿಯನ್ನಾಗಿ ನೇಮಿಸಿ, ಆತನಿಗೊಂದು ಗೋಣಿಚೀಲ ಕೊಟ್ಟರು. ಧ್ವನಿವರ್ಧಕದಲ್ಲಿ ಘೋಷಣೆ ಕೇಳಿಬರುತ್ತಿತ್ತು: "ಮಾನ್ಯ ಪ್ರೇಕ್ಷಕರೇ, ಎರಡನೆಯ ತಿರುವಿನಲ್ಲಿ ಓಕ್ ಮರದ ಎಲೆಯೊಂದು ಕಂಡುಬಂದಿದೆ. ದಯವಿಟ್ಟು ಗಾಬರಿಯಾಗದೆ ತಿಂಡಿ ಅಂಗಡಿಗಳತ್ತ ಚಲಿಸಿ." ಸುತ್ತಮುತ್ತ ಓಕ್ ಮರವಿರಲಿಲ್ಲ. ಪೈನ್ ಮರಗಳಷ್ಟೇ ಇದ್ದವು.

ಪೇಸ್ ಕಾರು ಓಡಿಸುತ್ತಿದ್ದವನಿಗೆ ಇಷ್ಟೊಂದು ಕೆಲಸ ಅಭ್ಯಾಸವಿರಲಿಲ್ಲ. ಒಂದು ಸಂಜೆ ಬೇಸರ ತಡೆಯಲಾರದೆ ವೇಗ ಹೆಚ್ಚಿಸಿ, ತಿರುವಿನಲ್ಲಿ ಜಾರಿ, ಡಾಯ್ಲ್‌ನ ಕಾರನ್ನು ಗೋಡೆಗೆ ಉಜ್ಜಿದ. ವರ್ಲನ್ ಸೋಮವಾರದವರೆಗೆ ಕಾಯಲಿಲ್ಲ. ಅಲ್ಲೇ ಅಧ್ಯಕ್ಷರನ್ನು ಅಡ್ಡಗಟ್ಟಿದ.

"ನಿಧಾನಕ್ಕೆ ಓಡ್ಸೋಕೆ ಬರದವನ್ನ ಯಾಕ್ರೀ ಕೂರಿಸ್ತೀರಿ? ನನ್ ಹೆಂಡ್ತೀನ ಕೂರಿಸಿ. ಹುಟ್ಟಿದಾಗಿಂದ ಒಂದು ಗಾಡೀನೂ ಹಿಂದೆ ಹಾಕಿದೋಳಲ್ಲ."

ಅದು ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಸಿಟ್ಟಿನಲ್ಲಿ ಆಡಿದ್ದು ಅಭಿಪ್ರಾಯವಲ್ಲವೆಂದು ನಿಯಮದಲ್ಲಿ ಎಲ್ಲೂ ಹೇಳಿರಲಿಲ್ಲ. ಅಧ್ಯಕ್ಷರು ಭಾನುವಾರ ಚರ್ಚಿನ ಬಾಗಿಲಲ್ಲೇ ಆರ್ಡಿತಳನ್ನು ಕೇಳಿದರು.

"ಕಾರಿನ ಕಿಟಕಿ ಮುಚ್ಚುತ್ತಾ?" ಆಕೆ ಕೇಳಿದಳು.

"ಪೂರ್ತಿ ಮುಚ್ಚುತ್ತೆ, ತಾಯಿ."

"ಒಳಗೆ ನಾನೊಬ್ಳೇನಾ?"

"ನೀವೊಬ್ರೇ."

"ಹಾಗಾದ್ರೆ ಬರ್ತೀನಿ," ಎಂದಳು ಆರ್ಡಿತ್, ಗಂಡನ ಮುಖ ನೋಡದೆ.

ಮೊದಲ ಸಂಜೆಯೇ ಆಕೆ ಚಾಲಕರನ್ನೆಲ್ಲ ಹೆಲ್ಮೆಟ್ ತೆಗೆಸಿ ನಿಲ್ಲಿಸಿದಳು. ಅವರಲ್ಲಿ ಮುಕ್ಕಾಲು ಪಾಲು ಆಕೆಯ ಬಸ್ಸಿನಲ್ಲೇ ಓಡಾಡಿ ದೊಡ್ಡವರಾದವರು. "ಒಬ್ರ ಹಿಂದೆ ಒಬ್ರು ಬರ್ಬೇಕು. ತಳ್ಳೋ ಹಾಗಿಲ್ಲ, ನುಗ್ಗೋ ಹಾಗಿಲ್ಲ. ಯಾರಾದ್ರೂ ಗಲಾಟೆ ಮಾಡಿದ್ರೆ ನಿಮ್ಮಮ್ಮಂದಿರ ನಂಬರ್ ನನ್ ಹತ್ರ ಇದೆ," ಎಂದಳು. ಮೈಮೇಲೆಲ್ಲ ಹಚ್ಚೆ ಹಾಕಿಸಿಕೊಂಡ ಗಂಡಸರು "ಸರಿ, ಮೇಡಂ," ಎಂದು ತಲೆ ತಗ್ಗಿಸಿದರು.

ಎಲೆಗಳು ಬೀಳುತ್ತಿದ್ದವು, ಆರ್ಡಿತ್ ಸುತ್ತುತ್ತಿದ್ದಳು. ಬೇಸಿಗೆ ಮುಗಿಯುವ ಹೊತ್ತಿಗೆ ಅಂಕಪಟ್ಟಿಯ ತುದಿಯಲ್ಲಿ ಅವಳ ಹೆಸರು ಕಾಣಿಸಿಕೊಂಡಿತು. ವರ್ಲನ್ ಕಣ್ಣುಜ್ಜಿಕೊಂಡು ನೋಡಿ, ನೇರ ಕಚೇರಿಗೆ ಹೋದ.

"ಅಲ್ಲಾ ಸ್ವಾಮಿ, ಪೇಸ್ ಕಾರಿಗೆ ಅಂಕ ಕೊಡ್ತಾರಾ ಯಾರಾದ್ರೂ?"

"ನಿಯಮದಲ್ಲಿ ಏನಿದೆ, ವರ್ಲನ್? ಸಾಲಿನ ತಲೆಯಲ್ಲಿರುವ ಕಾರು. ಅವರು ಇರೋದು ಸಾಲಿನ ತಲೆಯಲ್ಲಿ. ಅದು ಕಾರು. ಎಮ್ಮೆ ಆಗಿದ್ರೆ ನಾನು ಪರಿಶೀಲಿಸ್ತಿದ್ದೆ."

"ಹಾಗಾದ್ರೆ ನಿಯಮ ಬದಲಾಯ್ಸಿ. ಇದು ಅಭಿಮಾನಿಗಳ ಅಭಿಪ್ರಾಯ."

ಅಧ್ಯಕ್ಷರು ಕಿಟಕಿಯಾಚೆ ಕೈ ತೋರಿಸಿದರು. ಹೊರಗೆ ಶಾಲೆಯ ಮಕ್ಕಳೂ ಅವರ ತಾಯಂದಿರೂ ಹಳದಿ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಅಂಗಿಗಳ ಮೇಲೆ ಆರ್ಡಿತಳ ಚಿತ್ರ. ಅಂಗಿಗಳೂ ಅಧ್ಯಕ್ಷರ ಅಂಗಡಿಯವೇ. "ಈಗ ಅಭಿಮಾನಿಗಳು ನೀವೊಬ್ರೇ ಅಲ್ಲ. ಬಹುಮತ ತಗೊಂಡು ಬನ್ನಿ," ಎಂದರು.

ಆ ವಾರ ವರ್ಲನ್‌ನ ಜೀವಮಾನದ ಆಸೆಯೊಂದು ಈಡೇರಿತು. ಡಾಯ್ಲ್ ಪೆನಿಂಗರ್ ತಾನಾಗಿಯೇ ಆತನ ಮನೆಗೆ ಬಂದ. ಬೆನ್ನು ಹಿಡಿದುಕೊಂಡು ವರಾಂಡದ ಮೆಟ್ಟಿಲ ಮೇಲೆ ಮೆಲ್ಲಗೆ ಕೂತ.

"ಅಭಿಪ್ರಾಯ ಕೊಡೋರು ನೀವೇನಾ?" ಡಾಯ್ಲ್ ಕೇಳಿದ.

"ನಾನೇ. ಎಲ್ಲಾ ನಿಮ್ಗೋಸ್ಕರಾನೇ."

"ಗೊತ್ತಾಯ್ತು. ಒಂದು ಉಪಕಾರ ಮಾಡ್ತೀರಾ ಯಜಮಾನ್ರೇ? ಈ ಸೀಸನ್ ಮುಗಿಯೋವರ್ಗೂ ಬೇರೆ ಯಾರನ್ನಾದ್ರೂ ಇಷ್ಟಪಡಿ."

ಆತ ಎದ್ದು ಹೋದ. ವರ್ಲನ್ ಅಡುಗೆಮನೆಗೆ ಬಂದು, ಕಾರ್ನ್ ಬ್ರೆಡ್ ಕೊಯ್ಯುತ್ತಿದ್ದ ಹೆಂಡತಿಗೆ ಮೆಲ್ಲನೆ ಹೇಳಿದ: "ಆರ್ಡಿತ್, ನೀನು ಸ್ವಲ್ಪ ಸೋಲ್ಬಾರ್ದಾ?"

"ಹೆಂಗೆ ಸೋಲ್ಲಿ? ನಾನೇನು ಯಾರ್ನಾದ್ರೂ ದಾಟ್ಕೊಂಡು ಹೋಗಿದೀನಾ? ನಾನು ನನ್ ಪಾಡಿಗೆ ಹೋಗ್ತಿರ್ತೀನಿ. ಅವ್ರೇ ಹಿಂದೆ ಉಳ್ಕೊಳ್ತಾರೆ."

ಇದಕ್ಕೆ ವರ್ಲನ್‌ನಲ್ಲಿ ಯಾವ ಅಭಿಪ್ರಾಯವೂ ಇರಲಿಲ್ಲ. ಆದರೆ ಡಾಯ್ಲ್‌ನ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ಕೊನೆಯ ರೇಸಿನ ದಿನ ಆತ ಎಲ್ಲರಿಗಿಂತ ಮುಂಚೆ ಸ್ಪೀಡ್‌ವೇಗೆ ಹೋಗಿ, ತನ್ನ ದೇಹದ ಗಾತ್ರಕ್ಕೆ ಒಗ್ಗದ ಕೆಲಸವಾದರೂ ಬಗ್ಗಿ ಬಗ್ಗಿ ಬೇಲಿಯ ಬದಿಯ ಎಲೆ, ಕಾಗದ, ಕಡಲೆಸಿಪ್ಪೆ ಎಲ್ಲ ಆರಿಸಿದ. ಎಲೆ ಅಧಿಕಾರಿಯನ್ನು ಬಾರ್ಬೆಕ್ಯೂ ಮೇಜಿಗೆ ಕರೆದೊಯ್ದು ಮುಂದೆ ತಟ್ಟೆಗಳನ್ನು ಪೇರಿಸಿದ. ಗೋಣಿಚೀಲದ ಮೇಲೆ ತಾನೇ ಕೂತ.

ರೇಸ್ ಶುರುವಾಯಿತು. ಆರ್ಡಿತ್ ಪದ್ಧತಿಯಂತೆ ಎಲ್ಲರನ್ನೂ ಹೊರಡಿಸುವ ಮೊದಲ ಸುತ್ತು ಹಾಕಿ ಪಕ್ಕಕ್ಕೆ ಸರಿದಳು. ಡಾಯ್ಲ್ ಮುನ್ನುಗ್ಗಿದ. ವಿಚಿತ್ರವೆಂದರೆ ಉಳಿದವರು ಯಾರೂ ಅವನನ್ನು ದಾಟಲು ಹೋಗಲಿಲ್ಲ. ಬೇಸಿಗೆಯೆಲ್ಲ ಒಬ್ಬರ ಹಿಂದೆ ಒಬ್ಬರು ಹೋಗಿ ಅವರಿಗೆ ನುಗ್ಗುವುದೇ ಮರೆತುಹೋಗಿತ್ತು. ಒಂದೂ ಎಲೆ ಬೀಳಲಿಲ್ಲ. ಅಧ್ಯಕ್ಷರು ಆಕಾಶ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಸುತ್ತು ಸುತ್ತಿಗೂ ಅಂತರ ಕರಗುತ್ತಾ ಬಂದು, ರೇಸ್ ಮುಗಿಯಿತೆಂದು ಚೌಕುಳಿ ಬಾವುಟ ಬೀಸುವ ಹೊತ್ತಿಗೆ ಡಾಯ್ಲ್ ಪೆನಿಂಗರ್ ಆರ್ಡಿತಳಿಗಿಂತ ಸರಿಯಾಗಿ ಒಂದು ಅಂಕ ಮುಂದಿದ್ದ.

ವರ್ಲನ್ ಗೋಣಿಚೀಲದ ಮೇಲೆ ಕೂತಲ್ಲೇ ಅತ್ತ. ನೀಲಿ ಕಾರಿನ ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು. ವಾಡಿಕೆಯಂತೆ ಗೆದ್ದವನಿಗೆ ಗೌರವದ ಸುತ್ತು ಹಾಕಿಸಲು ಪೇಸ್ ಕಾರು ದೀಪ ಹೊತ್ತಿಸಿಕೊಂಡು ಬಂದು ಮುಂದೆ ನಿಂತಿತು. ಆರ್ಡಿತ್ ಮುಂದೆ, ಡಾಯ್ಲ್ ಹಿಂದೆ. ಇಡೀ ಸ್ಪೀಡ್‌ವೇ ಎದ್ದು ನಿಂತಿತು. ಸುತ್ತು ಮುಗಿಯುತ್ತಾ ಬಂತು. ಕಣ್ಣು ತುಂಬಿಕೊಂಡಿದ್ದ ವರ್ಲನ್‌ಗೆ ಇಷ್ಟು ಬೇಗ ಇದು ಮುಗಿಯುವುದು ಬೇಡವೆನಿಸಿತು. ಎದೆ ತುಂಬಿ ಕೂಗಿದ:

"ಇನ್ನೊಂದು ಸುತ್ತು ಹಾಕ್ಸಿ. ನಮ್ ಡಾಯ್ಲ್‌ಗೆ ಒಂದು ಸುತ್ತು ಸಾಲಲ್ಲ."

ಅಭಿಮಾನಿಗಳ ಅಭಿಪ್ರಾಯ. ಹಳದಿ ಅಂಗಿಯ ಮಕ್ಕಳೂ ದನಿಗೂಡಿಸಿದ್ದರಿಂದ ಬಹುಮತವೂ ಇತ್ತು. ಇನ್ನೊಂದು ಸುತ್ತು ಹಾಕಿಸಲಾಯಿತು.

ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು: "ಮಾನ್ಯ ಪ್ರೇಕ್ಷಕರೇ, ಕಾರುಗಳು ಸಾಲಾಗಿ ಸುತ್ತುವಾಗ ಸಾಲಿನ ತಲೆಯಲ್ಲಿರುವ ಕಾರಿಗೆ ಅಂಕವೆಂಬ ನಿಯಮದನ್ವಯ, ಮೊದಲ ಗೌರವದ ಸುತ್ತಿನಿಂದ ಅಂಕಗಳು ಸಮನಾಗಿದ್ದು, ಅಭಿಮಾನಿಗಳ ಕೋರಿಕೆಯ ಮೇರೆಗೆ ನಡೆದ ಎರಡನೆಯ ಸುತ್ತಿನಿಂದ ಶ್ರೀಮತಿ ಆರ್ಡಿತ್ ಸ್ಟೈಕ್‌ಲೆದರ್ ಅವರು ಪ್ರಸಕ್ತ ಸಾಲಿನ ಚಾಂಪಿಯನ್ ಆಗಿರುತ್ತಾರೆ."

ಫ್ರಿಜ್ಜಿನಷ್ಟು ಎತ್ತರದ ಟ್ರೋಫಿ ಆರ್ಡಿತಳ ಕೈಸೇರಿತು. "ಎಲ್ಲಾ ಮಕ್ಕಳೂ ಸಾಲಲ್ಲಿ ಬಂದ್ರಿ, ಸಂತೋಷ," ಎಂದಷ್ಟೇ ಹೇಳಿ ಆಕೆ ಇಳಿದಳು. ಡಾಯ್ಲ್ ಕಾರಿನಿಂದಿಳಿದು ವರ್ಲನ್ ಎಲ್ಲಿದ್ದಾನೆಂದು ಹುಡುಕಿದ. ಗುಂಪಿನಲ್ಲಿ ಅಡಗಿಕೊಳ್ಳುವುದು ವರ್ಲನ್‌ನಂಥ ದೇಹಕ್ಕೆ ಸುಲಭವಿರಲಿಲ್ಲ.

"ನಾನು ನಿಮ್ಮನ್ನ ಕೇಳ್ಕೊಂಡಿದ್ದೆ," ಎಂದ ಡಾಯ್ಲ್.

"ತಪ್ಪಾಯ್ತು. ಬೇರೆಯವ್ರನ್ನ ಇಷ್ಟಪಡೋಕೆ ನೋಡ್ದೆ. ಆಗ್ಲಿಲ್ಲ."

ಡಾಯ್ಲ್ ತನ್ನ ಕೈಗವಸು ಬಿಚ್ಚಿ ಅವನ ಕೈಗಿಟ್ಟು ಹೋದ.

ಚಾಂಪಿಯನ್ ಆಗುವುದಕ್ಕೆ ದಾರಿ ಯಾವುದೆಂದು ಈಗ ಎಲ್ಲ ಚಾಲಕರಿಗೂ ತಿಳಿಯಿತು. ಮರುವರ್ಷ ರೇಸಿಗೆ ಒಬ್ಬನೂ ಹೆಸರು ಕೊಡಲಿಲ್ಲ. ಪೇಸ್ ಕಾರು ಓಡಿಸುವ ಕೆಲಸಕ್ಕೆ ಎಲ್ಲರೂ ಬಂದು ನಿಂತರು. ಬೆನ್ನುನೋವು ಅಡ್ಡಿಯಾಗದ ಕೆಲಸವೆಂದು ಡಾಯ್ಲ್ ಕೂಡ ಬಂದ. ಅಧ್ಯಕ್ಷರು ಯೋಚಿಸಿ, ಆರ್ಡಿತಳ ಕೈಕೆಳಗೆ ಉಪ ಪೇಸ್ ಕಾರ್ ಚಾಲಕನ ಹುದ್ದೆಯೊಂದನ್ನು ಸೃಷ್ಟಿಸಿ, ಅದಕ್ಕೆ ಆಯ್ಕೆ ಪರೀಕ್ಷೆ ಘೋಷಿಸಿದರು. ಎಲ್ಲ ಅಭ್ಯರ್ಥಿಗಳೂ ತಂತಮ್ಮ ಕಾರಿನಲ್ಲಿ ಒಟ್ಟಿಗೆ ಹೊರಡತಕ್ಕದ್ದು. ಅಂಕಗಳಿಲ್ಲ, ಎಲೆಗಳಿಲ್ಲ. ಗೆರೆಯನ್ನು ಯಾರು ಮೊದಲು ದಾಟುತ್ತಾರೋ ಅವರಿಗೆ ಹುದ್ದೆ.

ಪರೀಕ್ಷೆ ನೋಡಲು ಊರಿಗೆ ಊರೇ ಬಂತು. ಕಾರುಗಳು ಗೋಡೆ ಸವರಿಕೊಂಡು, ಒಂದಕ್ಕೊಂದು ಮೈ ತಿಕ್ಕಿಕೊಂಡು, ಹೊಗೆ ಕಾರಿಕೊಂಡು ಓಡಿದವು. ಯಾರೂ ಕೂತಲ್ಲಿಂದ ಕದಲಲಿಲ್ಲ. ಕೊನೆಯ ತಿರುವಿನಲ್ಲಿ ಡಾಯ್ಲ್ ಪೆನಿಂಗರ್ ಪಕ್ಕದಿಂದ ನುಗ್ಗಿ ಗೆದ್ದ. ವರ್ಲನ್ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಒಂದು ಮಾತೂ ಆಡದೆ ನೋಡುತ್ತಿದ್ದ.

ಆ ಸಂಜೆ ಒಂದು ಪೊಟ್ಟಣ ಕಡಲೆಕಾಯಿಯೂ ಮಾರಾಟವಾಗಲಿಲ್ಲ. ಸಂಘವು ಈ ಕಾರ್ಯಕ್ರಮವನ್ನು ವಿಫಲವೆಂದು ಪರಿಗಣಿಸಿ, ಇಂಥದ್ದು ಮುಂದೆಂದೂ ನಡೆಯದಂತೆ ನೋಡಿಕೊಳ್ಳಲಾಗುವುದೆಂದು ವಿಷಾದಪೂರ್ವಕವಾಗಿ ಪ್ರಕಟಿಸಿತು. ಕೊನೆಯಲ್ಲಿ ನುಗ್ಗಿದವನಿಗೆ ಬಹುಮಾನ ಕೂಡದೆಂದು ಮೊದಲೇ ಅಭಿಪ್ರಾಯಪಟ್ಟಿದ್ದ ಅಭಿಮಾನಿಗಳು ಒಪ್ಪಿದರು.