ಇಪ್ಪತ್ತು ಬಿದ್ದರೆ ಒಂದೇ ಏಟು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಎರಡು ಸಣ್ಣ ದಾಳಗಳು. ಹೋದ ಭಾನುವಾರ ಅವೆರಡೂ ಒಟ್ಟಿಗೆ ‘ಒಂದು’ ತೋರಿಸಿ, ದಂಡನಾಯಕರ ಮಾನವನ್ನು ಮೂರು ಕಾಸಿಗೆ ಹರಾಜು ಹಾಕಿದ್ದವು.

ದಂಡನಾಯಕರೆಂದರೆ ಗಾಬರಿಯಾಗಬೇಕಿಲ್ಲ. ಅವರದು ಕನ್ನಡಕದ ಅಂಗಡಿ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯಲೂ ಹೆಂಡತಿಯನ್ನು ಕರೆಯುವ ಮೈಕಟ್ಟು. ಆದರೆ ಭಾನುವಾರ ಮಧ್ಯಾಹ್ನ ಬೈಂಡರ್ ಅಣ್ಣನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಬ್ಬೊಬ್ಬರೂ ಒಬ್ಬ ವೀರನಾಗಿ ದಾಳ ಹಾಕಿ ಆಡುವ ರಾಕ್ಷಸರು ಮತ್ತು ಮಾಂತ್ರಿಕರ ಆಟ ಶುರುವಾಯಿತೆಂದರೆ ಅವರು ದಂಡನಾಯಕ ವಜ್ರಬಾಹು. ಕೋಟೆಯ ಬಾಗಿಲನ್ನು ಹೆಗಲಿನಿಂದಲೇ ಮುರಿಯುವವನು. ಹನ್ನೊಂದು ವರ್ಷದಲ್ಲಿ ಆ ಮೇಜಿನ ಮೇಲೆ ಎಲ್ಲರ ವೀರರೂ ಒಂದಲ್ಲ ಒಂದು ಸಲ ಸತ್ತಿದ್ದರು, ವಜ್ರಬಾಹು ಮಾತ್ರ ಒಮ್ಮೆಯೂ ಬಿದ್ದಿರಲಿಲ್ಲ. ಆ ಹೆಮ್ಮೆಯಲ್ಲೇ ದಂಡನಾಯಕರು ಊಟ ಮಾಡುತ್ತಿದ್ದರು, ನಿದ್ದೆ ಮಾಡುತ್ತಿದ್ದರು.

ಏಟು ತಾಗಿತೋ ಇಲ್ಲವೋ ಎಂದು ನೋಡಲು ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಇಪ್ಪತ್ತೇ ಬಿದ್ದರೆ ಅದು ಕ್ರಿಟಿಕಲ್ ಹಿಟ್, ಅಂದರೆ ಮರ್ಮಕ್ಕೆ ಬಿದ್ದ ಏಟು. ಆಗ ಏಟಿನ ಭಾರ ಅಳೆಯಲು ಒಂದರ ಬದಲು ಎರಡು ಸಣ್ಣ ದಾಳ. ಹೋದ ವಾರ ಡ್ರ್ಯಾಗನ್ನಿನ ಎದುರು ದಂಡನಾಯಕರಿಗೆ ಇಪ್ಪತ್ತು ಬಿತ್ತು. ಕುರ್ಚಿಯಿಂದೆದ್ದು ಗರ್ಜಿಸಿದರು. ಆಮೇಲೆ ಸಣ್ಣ ದಾಳ ಹಾಕಿದರು. ಒಂದು, ಒಂದು. ಒಟ್ಟು ಎರಡು. ಡ್ರ್ಯಾಗನ್ನಿನ ಪ್ರಾಣಬಲ ನೂರೈವತ್ತು.

ಆಟ ನಡೆಸುವ ಬೈಂಡರ್ ಅಣ್ಣ ಗಂಭೀರವಾಗಿ ಹೇಳಿದ್ದ: “ಡ್ರ್ಯಾಗನ್ನಿಗೆ ಸೊಳ್ಳೆ ಕಚ್ಚಿದ ಹಾಗಾಯ್ತು. ಸ್ವಲ್ಪ ಕೆರ್ಕೊಳ್ತು.”

ಎದುರು ಕುರ್ಚಿಯ ನರ್ಸಕ್ಕ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ದಂಡನಾಯಕರಿಗೆ ವಾರವೆಲ್ಲ ಊಟ ಸೇರಲಿಲ್ಲ. ಗಿರಾಕಿಗಳಿಗೆ ಗೋಡೆಯ ಅಕ್ಷರ ಓದಿಸುತ್ತಲೇ ಮನಸ್ಸಿನಲ್ಲಿ ಹೊಸ ನಿಯಮ ಕಟ್ಟಿದರು. ಹನ್ನೊಂದು ಸಲ ಬರೆದು, ಹತ್ತು ಸಲ ಹರಿದರು. ಉಳಿದ ಚೀಟಿಯಲ್ಲಿ ಹೀಗಿತ್ತು: ‘ಯಾರಿಗೇ ಆಗಲಿ, ಇಪ್ಪತ್ತು ಬಿದ್ದರೆ ಒಂದೇ ಏಟು. ಎದುರಾಳಿ ಎಷ್ಟೇ ದೊಡ್ಡವನಿರಲಿ, ಅಲ್ಲೇ ಮುಗಿದ. ಮತ್ತೆ ದಾಳವಿಲ್ಲ, ಲೆಕ್ಕವಿಲ್ಲ, ಮೇಲ್ಮನವಿಯಿಲ್ಲ.’

ಹೊಸ ನಿಯಮ ಬರಬೇಕಾದರೆ ಐದು ಕುರ್ಚಿಯ ಐದೂ ಕೈ ಮೇಲೇಳಬೇಕು. ಆಮೇಲೆ ಬೈಂಡರ್ ಅಣ್ಣ ತಾನೇ ಹೊಲಿದು ಕಟ್ಟಿದ ನಿಯಮದ ಪುಸ್ತಕಕ್ಕೆ ಚೀಟಿ ಅಂಟಿಸುತ್ತಾನೆ. ಅಂಟು ಒಣಗಲು ಅರ್ಧ ಗಂಟೆ. ಹಸಿಯಿರುವಾಗ ಐದೂ ಕೈ ಎತ್ತಿದರೆ ಚೀಟಿ ಕೀಳಬಹುದು. ಒಣಗಿದ ಮೇಲೆ ಬ್ರಹ್ಮ ಬಂದರೂ ಅವನು ತನ್ನ ಪುಸ್ತಕದ ಹಾಳೆ ಮುಟ್ಟಗೊಡುವುದಿಲ್ಲ.

ಭಾನುವಾರ ಬೆಳಿಗ್ಗೆಯೇ ದಂಡನಾಯಕರು ಬಿಳಿ ಅಂಗಿ ತೊಟ್ಟು ದಂಡಯಾತ್ರೆಗೆ ಹೊರಟರು. ಎದುರುಮನೆ ಅಜ್ಜಿ ಗೇಟಿನಲ್ಲೇ ಹಿಡಿದಳು.

“ಏನಪ್ಪಾ ದಂಡನಾಯಕ, ಸತ್ತಿತಾ ನಿನ್ನ ಡ್ರ್ಯಾಗನ್ನು?”

“ಸಂಜೆ ಕೇಳಿ ಅಜ್ಜಿ. ವಾಪಸ್ ಬರುವಾಗ ಸುದ್ದಿ ತರ್ತೀನಿ.”

ಮೊದಲ ಕೈ ಭಾವಮೈದನದು. ಅವನ ಸೈಕಲ್ ರಿಪೇರಿ ಅಂಗಡಿಯಲ್ಲಿ ಅರ್ಧ ಗಂಟೆ ಚಕ್ರ ಹಿಡಿದು ನಿಲ್ಲಬೇಕಾಯಿತು. ಅಂಗಿಗೆ ಗ್ರೀಸ್ ಮೆತ್ತಿತು.

“ಕೈ ಎತ್ತೋದಕ್ಕೇನು ಭಾವ, ಎತ್ತೋಣ. ಆದ್ರೆ ಆಟದಲ್ಲಿ ನನ್ನ ಕಳ್ಳ ಯಾವಾಗ್ಲೂ ವಜ್ರಬಾಹು ಬೆನ್ನ ಹಿಂದೆ ನಿಂತ್ಕೋತಾನೆ. ಒಪ್ಪಿಗೇನಾ?”

ಒಪ್ಪಿಗೆಯಾಯಿತು. ಕೈ ಕೆಸರಾದರೆ ತಾನೇ ಬಾಯಿ ಮೊಸರು.

ನರ್ಸಕ್ಕ ಆಸ್ಪತ್ರೆಯ ಗೇಟಿನಲ್ಲಿ ಸಿಕ್ಕಳು. ಚೀಟಿ ಓದಿ ಹುಬ್ಬು ಗಂಟಿಕ್ಕಿದಳು. “‘ಯಾರಿಗೇ ಆಗಲಿ’ ಅಂತ ಬರೆದಿದ್ದೀರಲ್ಲ, ಎದುರಿನವರಿಗೂ ಇಪ್ಪತ್ತು ಬೀಳಬಹುದಲ್ವಾ?”

“ಬೀಳ್ಲಿ! ನಿಯಮ ಅಂದ್ಮೇಲೆ ನ್ಯಾಯವಾಗಿರ್ಬೇಕು. ಅಲ್ಲದೆ ವಜ್ರಬಾಹುನ ಕೆಡವೋನು ಇನ್ನೂ ಹುಟ್ಟಿಲ್ಲ.”

“ನಿಮ್ಮಿಷ್ಟ. ಈ ಸ್ಟ್ರೆಚರಿನ ಆ ಕಡೆ ಸ್ವಲ್ಪ ಹಿಡ್ಕೊಳ್ಳಿ” ಎಂದಳು ನರ್ಸಕ್ಕ. ಎರಡು ಮಹಡಿ ಹತ್ತಿ ಇಳಿಯುವಷ್ಟರಲ್ಲಿ ದಂಡನಾಯಕರ ಸೊಂಟ ಹಿಡಿದುಕೊಂಡಿತು.

ಇಷ್ಟಾದ ಮೇಲೆ ಐದನೇ ಕುರ್ಚಿಯ ಡ್ರಾಯಿಂಗ್ ಮೇಷ್ಟ್ರ ಫೋನು ಬಂತು. ಜ್ವರ, ಬರುವುದಿಲ್ಲ. ಬೈಂಡರ್ ಅಣ್ಣನಿಗೆ ಹೇಳಿದರೆ, “ಐದು ಕುರ್ಚಿ, ಐದು ಕೈ. ಮೇಷ್ಟ್ರ ಬದಲಿಗೆ ಯಾರನ್ನಾದ್ರೂ ಕೂರಿಸಿ” ಎಂದುಬಿಟ್ಟ.

ಉಳಿದವಳು ಹೆಂಡತಿ. ಆಕೆ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಕೆಂಪು ಪೆನ್ನು ಕೈಯ ಆರನೇ ಬೆರಳಿನಂತೆ ಸದಾ ಜೊತೆಗಿರುತ್ತಿತ್ತು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಮಾಡಿದ ಯಾವ ಕೆಲಸಕ್ಕೂ ಅವಳು ‘ಚೆನ್ನಾಗಿದೆ’ ಎಂದಿರಲಿಲ್ಲ. ಬೈಯುತ್ತಿದ್ದಳು ಅಂತಲ್ಲ, ತಪ್ಪು ಎಲ್ಲಿದೆ ಎಂದು ಮಾತ್ರ ತೋರಿಸುತ್ತಿದ್ದಳು. ಆ ಒಂದು ಮಾತಿಗಾಗಿ ದಂಡನಾಯಕರು ಒಳಗೊಳಗೇ ಹಸಿದಿದ್ದರು.

“ನಿಮ್ಮ ಆಟಕ್ಕೆ ನಾನ್ಯಾಕ್ರೀ?”

“ಕೈ ಎತ್ತು, ಸಾಕು. ಹೊಡೆದಾಟ ನಾನು ನೋಡ್ಕೋತೀನಿ.”

“ಅಂಗಿ ತುಂಬ ಗ್ರೀಸು, ಸೊಂಟ ಸೊಟ್ಟ. ಹೊಡೆದಾಟ ಆಗ್ಲೇ ಮುಗಿದ ಹಾಗಿದೆ” ಎನ್ನುತ್ತಲೇ ಅವಳು ಚಪ್ಪಲಿ ಮೆಟ್ಟಿದಳು.

ಮಧ್ಯಾಹ್ನ ಐದೂ ಕೈ ಎದ್ದವು. ಚೀಟಿ ಅಂಟಿತು. ದಂಡನಾಯಕರ ಎದೆ ಎರಡು ಇಂಚು ಉಬ್ಬಿತು. ಹೆಂಡತಿ ಹೊರಡಲೆಂದು ಎದ್ದಳು.

“ಕೂತ್ಕೊಳ್ಳಿ ಅತ್ತಿಗೆ, ಬಂದಿದ್ದೀರಿ, ಒಂದಾಟ ಆಡಿ” ಎಂದ ಬೈಂಡರ್ ಅಣ್ಣ. “ಗುಹೆ ಬಾಗಿಲಲ್ಲಿ ಒಂದು ಇಲಿ ಇದೆ. ಅದನ್ನ ನೀವು ಆಡಿಸಿ.”

“ಇಲೀನಾ? ಏನು ಮಾಡುತ್ತೆ ಅದು?”

“ಕಚ್ಚುತ್ತೆ, ಅಷ್ಟೇ.”

ಇಲಿಗೆ ಕತ್ತಿ ಹಿರಿಯುವುದು ವಜ್ರಬಾಹುವಿನ ಘನತೆಗೆ ಕಡಿಮೆ. “ಕಾಲಲ್ಲಿ ತಳ್ಳಿ ಒಳಗೆ ಹೋಗ್ತೀನಿ” ಎಂದರು ದಂಡನಾಯಕರು, ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವುತ್ತಾ.

“ಹಾಗಾದ್ರೆ ಅದು ಕಚ್ಚೋಕೆ ನೋಡುತ್ತೆ. ದಾಳ ಹಾಕಿ ಅತ್ತಿಗೆ.”

ಅವಳು ದಾಳವನ್ನು ಒಗ್ಗರಣೆಗೆ ಸಾಸಿವೆ ಹಾಕಿದಂತೆ ಹಾಕಿದಳು. ಅದು ಉರುಳಿ, ಅಂಟಿನ ಡಬ್ಬಿಗೆ ಬಡಿದು ನಿಂತಿತು.

“ಇಪ್ಪತ್ತು ಅಂತಿದೆ” ಎಂದಳು ಅವಳು. “ಸಾಕಾ, ಇನ್ನೊಂದ್ಸಲ ಹಾಕ್ಬೇಕಾ?”

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತಾರೆ. ಇಲ್ಲಿ ಇಲಿಯೇ ಬೆಟ್ಟವನ್ನು ಉರುಳಿಸಿತ್ತು. ಕಾಲಿನ ಹೆಬ್ಬೆರಳಿಗೆ ಒಂದು ಕಡಿತ, ಹನ್ನೊಂದು ವರ್ಷದ ವಜ್ರಬಾಹು ನೆಲಕ್ಕೆ.

“ಭಾವ, ನನ್ನ ಮೇಲೆ ಬೀಳ್ಬೇಡಿ! ಹಿಂದೇನೇ ಇದ್ದೀನಿ!” ಎಂದು ಭಾವಮೈದ ಕೂಗಿದ. ನರ್ಸಕ್ಕ ಅಭ್ಯಾಸಬಲದಿಂದ ಮೇಜಿನ ಮೇಲಿದ್ದ ವಜ್ರಬಾಹುವಿನ ಪುಟ್ಟ ಗೊಂಬೆಯ ನಾಡಿ ಹುಡುಕಿದಳು.

ದಂಡನಾಯಕರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

ಅದನ್ನು ಕಂಡು ಬೈಂಡರ್ ಅಣ್ಣ ಚೀಟಿಗೆ ಬೆರಳು ತಾಗಿಸಿ ನೋಡಿದ. “ಅಂಟು ಇನ್ನೂ ಹಸಿ ಇದೆ. ಚೀಟಿ ಕಿತ್ತರೆ ಹಳೇ ಲೆಕ್ಕ. ಹೆಬ್ಬೆರಳು ಊದುತ್ತೆ, ಅಷ್ಟೇ. ಕೈ ಎತ್ತಿ.”

ಮೂರು ಕೈ ತಕ್ಷಣ ಎದ್ದವು.

“ಇರಿ, ಓದದೆ ನಾನು ಏನನ್ನೂ ಹೊಡೆದುಹಾಕಲ್ಲ” ಎಂದು ಹೆಂಡತಿ ಪುಸ್ತಕ ಎಳೆದುಕೊಂಡಳು. ಕೆಂಪು ಪೆನ್ನಿನ ಮುಚ್ಚಳ ತೆಗೆದು ಒಂದು ಸಲ ಓದಿದಳು. ಎರಡನೇ ಸಲ ಓದಿದಳು. ಪೆನ್ನು ಕಾಗದದ ಮೇಲೆ ಅಲ್ಲಿಂದಿಲ್ಲಿಗೆ ತೇಲಿತು, ಎಲ್ಲೂ ಇಳಿಯಲಿಲ್ಲ. ಕೊನೆಗೆ ಅವಳು ಮುಚ್ಚಳ ಹಾಕಿದಳು.

“ಏನ್ರೀ, ಇದನ್ನ ನೀವೇ ಬರೆದ್ರಾ?”

“ಹೂಂ.”

“ಇಲಿ ನುಸುಳೋಕೂ ಸಂದಿ ಇಲ್ಲ. ದೊಡ್ಡವನು, ಸಣ್ಣವನು ಎಲ್ಲರಿಗೂ ಒಂದೇ. ಚೆನ್ನಾಗಿದೆ.”

ದಂಡನಾಯಕರಿಗೆ ಕಿವಿ ನಂಬಲಾಗಲಿಲ್ಲ.

“ಆದ್ರೆ ಪಾಪ, ನಿಮ್ಮ ಮುಖ ನೋಡೋಕಾಗ್ತಿಲ್ಲ. ಕಿತ್ತುಹಾಕಿ” ಎಂದು ಅವಳೂ ಕೈ ಎತ್ತಿದಳು.

ನಾಲ್ಕಾಯಿತು. ಐದನೆಯದು ದಂಡನಾಯಕರದು. ಆ ಕೈ ಮೇಜಿನಿಂದ ಮೇಲೆದ್ದು ಮೂಗಿನವರೆಗೆ ಹೋಯಿತು. ಅಲ್ಲಿ ಕನ್ನಡಕ ಸರಿಮಾಡಿ, ಮತ್ತೆ ತೊಡೆಯ ಮೇಲೆ ಬಂದು ಕೂತಿತು.

“ಒಣಗ್ಲಿ ಬಿಡಿ” ಎಂದರು ದಂಡನಾಯಕರು.

ಒಣಗಿತು. ಕೆಡವಿದವನಿಗೆ ಬಿದ್ದವನ ಬಲದ ಮೆಟ್ಟಿಲೆಲ್ಲ ಎಂಬ ಹಳೆಯ ನಿಯಮದಂತೆ ಇಲಿ ಒಂದೇ ನೆಗೆತಕ್ಕೆ ವಜ್ರಬಾಹುವಿನ ಹನ್ನೊಂದು ಮೆಟ್ಟಿಲೂ ಏರಿತು. ದಂಡನಾಯಕರಿಗೆ ಸಿಕ್ಕಿದ್ದು ಹೊಸ ಪಾತ್ರದ ಹಾಳೆ, ಮೊದಲ ಮೆಟ್ಟಿಲಿನ ಒಬ್ಬ ಪಂಜು ಹಿಡಿಯುವವನು. “ಹೊಸಬರು ಬಲಶಾಲಿಗಳ ಬೆನ್ನ ಹಿಂದೆ ನಿಂತ್ಕೋಬೇಕು ಭಾವ” ಎಂದು ಭಾವಮೈದ ಬುದ್ಧಿ ಹೇಳಿ, ಇಲಿಯ ಹಿಂದೆ ಜಾಗ ತೋರಿಸಿದ. “ಮುಂದಿನ ವಾರ ಎಷ್ಟು ಗಂಟೆಗೆ?” ಎಂದು ಕೇಳುತ್ತಿದ್ದಳು ಹೆಂಡತಿ.

ಸಂಜೆ ಗೇಟಿನಲ್ಲಿ ಅಜ್ಜಿ ಕಾದಿದ್ದಳು. “ಏನಪ್ಪಾ, ಸತ್ತಿತಾ ಡ್ರ್ಯಾಗನ್ನು?”

ಗ್ರೀಸು ಮೆತ್ತಿದ ಅಂಗಿಯಲ್ಲಿ, ಸೊಟ್ಟ ಸೊಂಟದಲ್ಲೇ ದಂಡನಾಯಕರು ಎದೆಯುಬ್ಬಿಸಿ ನಿಂತರು.

“ಇಲ್ಲ ಅಜ್ಜಿ, ನಾನು ಸತ್ತೆ. ನಮ್ಮನೆಯವಳ ಒಂದೇ ಏಟಿಗೆ. ಆದ್ರೆ ನಿಯಮ ಇದೆಯಲ್ಲ, ಅದು ನಂದು!”